ಲ್ಯಾಪ್‌ಟಾಪಿನ ಹಡಗುಕಟ್ಟೆ

ಡಾಕ್ ಎಂಬ ಆಂಗ್ಲ ಪದಕ್ಕೆ ಹಡಗುಕಟ್ಟೆ ಎಂದರ್ಥ. ಸಮುದ್ರಸಂಚಾರ ಮುಗಿಸಿ ಬಂದ ನಾವೆಯು ಕಟ್ಟೆಗೆ ತಗುಲಿ ನಿಲ್ಲುವಂತೆ, ಹೊರಗೆಲ್ಲ ತಿರುಗಿ ಬಂದ ಲ್ಯಾಪ್‌ಟಾಪ್ ಒಂದೇ ತಂತಿಯ ಮೂಲಕ ಮಾನಿಟರ್, ಕೀಲಿಮಣೆ, ಮೌಸ್, ಪ್ರಿಂಟರ್, ಅಂತರಜಾಲದ ಕೇಬಲ್ ಇವೆಲ್ಲವುಗಳೊಡನೆ ಕೂಡಿಕೊಳ್ಳುವ ನೆಲೆಗೆ ಡಾಕಿಂಗ್ ಸ್ಟೇಷನ್ ಎಂದು ಹೆಸರಾಯಿತು. 1992ರಲ್ಲಿ ಆ್ಯಪಲ್ ಸಂಸ್ಥೆ ಹೊರತಂದ ಪವರ್‌ಬುಕ್ ಡುಯೊ ಎಂಬ ಗಣಕವನ್ನು ಅದರ ಡಾಕಿನೊಳಕ್ಕೆ ಇಡಿಯಾಗಿಯೇ ತೂರಿಸಬೇಕಾಗಿತ್ತು. ಅಲ್ಲಿ ಕೂಡಿತೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಇಂದಿನ ಡಾಕಿನಲ್ಲಿ ಹಾಗಿಲ್ಲ. ಬೆರಳಗಲದ ತುದಿಯುಳ್ಳ ತಂತಿಯೊಂದು ಸರಿಯಾಗಿಯೇ ಕುಳಿತಂತೆ ತೋರುತ್ತದೆ, ದೀಪವೂ ಉರಿಯುತ್ತದೆ, ಆದರೆ ಲ್ಯಾಪ್‌ಟಾಪ್ ಮಾತ್ರ ಯಾವುದನ್ನೂ ಗುರುತಿಸುವುದಿಲ್ಲ.

2020ರ ಲಾಕ್‌ಡೌನಿನ ಕಾಲದಿಂದ ಮನೆಯ ಒಂದು ಮೂಲೆಯೇ ಕಚೇರಿಯಾದ ಕುಟುಂಬಗಳು ನಮ್ಮಲ್ಲಿ ಅನೇಕ. ಒಂಬತ್ತು ಗಂಟೆಗೆ ಸಭೆಯಿರುವ ಮಗನೋ ಸೊಸೆಯೋ ತಂತಿಯನ್ನು ಚುಚ್ಚಿ, ಪರದೆ ಕಪ್ಪಾಗಿಯೇ ಉಳಿದಾಗ ಮನೆಯಲ್ಲೆಲ್ಲ ಗಡಿಬಿಡಿ. ಸಾವಿರಾರು ರೂಪಾಯಿ ಕೊಟ್ಟು ತಂದ ಪೆಟ್ಟಿಗೆ ಕೆಟ್ಟಿತೆಂದು ಕೂಡಲೇ ತೀರ್ಮಾನಿಸಿ ಮತ್ತೊಂದನ್ನು ತರುವವರೂ ಉಂಟು. ಈ ಅವಸರ ಬಹುಮಟ್ಟಿಗೆ ಅನಾವಶ್ಯಕ.

ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಒಂದು ಇಲ್ಲದಾಗ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಕಾರಣವನ್ನು ಹುಡುಕುವವನಿಗೆ ಇವೆರಡೂ ಬೇಕು. ಡಾಕಿನ ವಿಷಯದಲ್ಲಿಯೂ ಇವುಗಳಿಗಿಂತ ಮೇಲಾದ ಉಪಕರಣವಿಲ್ಲ. ಜೋಡಿಸಿದ್ದೆಲ್ಲವೂ ಕಾಣೆಯಾಗಿದೆಯೋ, ಕೇವಲ ಮಾನಿಟರ್ ಕಾಣೆಯಾಗಿದೆಯೋ, ಅಥವಾ ಒಂದೇ ಒಂದು ಸಾಧನ ಮುನಿಸಿಕೊಂಡಿದೆಯೋ ಎಂಬುದನ್ನು ಮೊದಲು ವಿಚಾರಿಸಬೇಕು. ಎಲ್ಲವೂ ಹೋಗಿದ್ದರೆ ದೋಷವು ವಿದ್ಯುತ್ತಿನಲ್ಲಿ, ಮುಖ್ಯ ತಂತಿಯಲ್ಲಿ ಇಲ್ಲವೆ ಡಾಕಿನಲ್ಲಿಯೇ ಇರುವ ಸಂಭವ ಹೆಚ್ಚು. ಒಂದೇ ಸಾಧನವಾದರೆ ಅದನ್ನು ಬಿಡಿಸಿ ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದರೆ ಸಾಕು.

ವಿದ್ಯುತ್ತಿನ ಪರೀಕ್ಷೆ ಸುಲಭ. ಲ್ಯಾಪ್‌ಟಾಪನ್ನು ಪೂರ್ಣವಾಗಿ ಆರಿಸಿ, ಡಾಕಿನ ಅಡಾಪ್ಟರನ್ನು ಗೋಡೆಯಿಂದ ತೆಗೆದು, ಎಲ್ಲ ಸಾಧನಗಳನ್ನೂ ಬಿಡಿಸಿ, ಒಂದೆರಡು ನಿಮಿಷ ಹಾಗೆಯೇ ಬಿಡಬೇಕು. ಅನಂತರ ಮೊದಲು ಡಾಕಿಗೆ ವಿದ್ಯುತ್ತು, ಆಮೇಲೆ ಲ್ಯಾಪ್‌ಟಾಪಿಗೆ ಸಂಬಂಧ, ಕೊನೆಯಲ್ಲಿ ಸಾಧನಗಳನ್ನು ಒಂದೊಂದಾಗಿ ಸೇರಿಸುತ್ತ ಬರಬೇಕು. ಕರೆಂಟು ಹೋಗಿ ಬಂದ ಮೇಲೆ ಮಂಕಾಗಿ ಕುಳಿತ ಡಾಕುಗಳು ಇಷ್ಟರಿಂದಲೇ ಎಚ್ಚರಗೊಳ್ಳುವುದುಂಟು. ಎಲ್ಲವನ್ನೂ ಒಮ್ಮೆಲೇ ಚುಚ್ಚಿದರೆ ಅಪರಾಧಿ ಯಾರೆಂಬುದು ತಿಳಿಯದೇ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ತಂತಿ. ಯುಎಸ್‌ಬಿ-ಸಿ ಎಂಬ ಈ ಕನೆಕ್ಟರಿನ ವಿನ್ಯಾಸ 2014ರಲ್ಲಿ ಪ್ರಕಟವಾಯಿತು. ಅದರ ಪುಟ್ಟ ಬಾಯಲ್ಲಿ 24 ಪಿನ್ನುಗಳಿವೆ. ಆದರೆ ಆ ತುದಿಯುಳ್ಳ ತಂತಿಗಳೆಲ್ಲವೂ ಸಮಾನವಲ್ಲ. ಮೊಬೈಲಿನೊಡನೆ ಬರುವ ಚಾರ್ಜಿಂಗ್ ತಂತಿ ಬಹುಶಃ ಸೆಕೆಂಡಿಗೆ 480 ಮೆಗಾಬಿಟ್‌ಗಳ ಹಳೆಯ ವೇಗದ್ದಾಗಿರುತ್ತದೆ. ದೃಶ್ಯವನ್ನು ಸಾಗಿಸುವ ಎಳೆಗಳು ಅದರೊಳಗೆ ಇರುವುದೇ ಇಲ್ಲ. ಥಂಡರ್‌ಬೋಲ್ಟ್ 3 ತಂತಿಯಾದರೋ 40 ಗಿಗಾಬಿಟ್ ಸಾಗಿಸಬಲ್ಲದು. ಪರಿಚಿತರ ಮನೆಯೊಂದರಲ್ಲಿ ಡಾಕಿನ ಮೂಲ ತಂತಿಯನ್ನು ಮಗುವಿನ ಟ್ಯಾಬ್ಲೆಟ್ಟಿಗೆ ಕೊಟ್ಟು, ಟ್ಯಾಬ್ಲೆಟ್ಟಿನ ತಂತಿಯನ್ನು ಡಾಕಿಗೆ ಹಾಕಿದ್ದರು. ಚಾರ್ಜು ಆಗುತ್ತಿತ್ತು, ಮೌಸ್ ಓಡುತ್ತಿತ್ತು, ಪರದೆ ಮಾತ್ರ ಬರಲಿಲ್ಲ. ಎರಡನೆಯ ಡಾಕನ್ನು ಕೊಂಡು ತಂದು, ಅದನ್ನೂ ಅದೇ ತಂತಿಗೆ ಜೋಡಿಸಿದಾಗ ಸಮಸ್ಯೆ ಮೊದಲಿನಂತೆಯೇ ಇತ್ತು! ಡಾಕಿನೊಡನೆ ಬಂದ ತಂತಿಗೆ ಬಣ್ಣದ ದಾರವೊಂದನ್ನು ಕಟ್ಟಿಡುವುದು ಲೇಸು.

ರಂಧ್ರಗಳಲ್ಲಿಯೂ ಇದೇ ಭೇದ. ನೋಡಲು ಒಂದೇ ಆಕಾರ. ಗುಣ ಬೇರೆ ಬೇರೆ. ಕೆಲವು ಲ್ಯಾಪ್‌ಟಾಪುಗಳ ಒಂದು ಸಿ-ರಂಧ್ರ ದತ್ತಾಂಶವನ್ನು ಮಾತ್ರ ಸಾಗಿಸುತ್ತದೆ, ಪಕ್ಕದ್ದು ಡಿಸ್‌ಪ್ಲೇಪೋರ್ಟ್ ಸಂಕೇತವನ್ನೂ ಕೊಡುತ್ತದೆ. ಆದ್ದರಿಂದ ರಂಧ್ರವನ್ನು ಬದಲಿಸಿ ನೋಡುವುದು ಮೊದಲ ಕೆಲಸ, ಕೈಪಿಡಿಯನ್ನು ಓದುವುದು ಎರಡನೆಯದು. ಕೈಪಿಡಿಯನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆಯೆಂಬುದು ಬೇರೆ ಮಾತು.

ಇನ್ನು ಕೆಲವು ಡಾಕುಗಳು ಡಿಸ್‌ಪ್ಲೇಲಿಂಕ್ ಎಂಬ ತಂತ್ರವನ್ನು ಅವಲಂಬಿಸಿವೆ. ಇವು ಸಾಧಾರಣ ರಂಧ್ರದಿಂದಲೂ ಪರದೆಯನ್ನು ನಡೆಸಬಲ್ಲವು, ಆದರೆ ಅದರ ಡ್ರೈವರ್ ತಂತ್ರಾಂಶ ಲ್ಯಾಪ್‌ಟಾಪಿನಲ್ಲಿ ನೆಲೆಸಿರಬೇಕು. ವಿಂಡೋಸ್ ಬಳಸುವವರು ಡಿವೈಸ್ ಮ್ಯಾನೇಜರನ್ನು ತೆರೆದು, ಯಾವುದರ ಮುಂದಾದರೂ ಹಳದಿ ಗುರುತು ಇದೆಯೇ ಎಂದು ನೋಡಬೇಕು. ಅಲ್ಲಿಯೇ ಯುಎಸ್‌ಬಿ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಶಕ್ತಿ ಉಳಿಸಲು ಸಾಧನವನ್ನು ಆರಿಸಬಹುದೆಂಬ ಅನುಮತಿಯೊಂದಿರುತ್ತದೆ. ಲ್ಯಾಪ್‌ಟಾಪ್ ನಿದ್ರೆಯಿಂದ ಎದ್ದ ಮೇಲೆ ಮಾತ್ರ ಡಾಕ್ ಮರೆಯಾಗುವುದಾದರೆ ಆ ಅನುಮತಿಯನ್ನು ತೆಗೆದುಹಾಕಿ ನೋಡಬೇಕು. ಮ್ಯಾಕ್‌ಬುಕ್ ಉಳ್ಳವರ ಕಥೆ ಬೇರೆ. 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್‌ಗಳು ಸ್ವಭಾವತಃ ಒಂದೇ ಹೊರಪರದೆಯನ್ನು ಒಪ್ಪುತ್ತವೆ; ಎರಡನೆಯದು ಬರಲಿಲ್ಲವೆಂದು ಡಾಕನ್ನು ದೂರುವುದು ನ್ಯಾಯವಲ್ಲ. 2022ರ ವೆಂಚುರಾ ಆವೃತ್ತಿಯಿಂದೀಚೆಗೆ ಆ್ಯಪಲ್ ಚಿಪ್ಪಿನ ಮ್ಯಾಕ್‌ಬುಕ್‌ಗಳು ಹೊಸ ಸಾಧನವನ್ನು ಸೇರಿಸುವ ಮುನ್ನ ಅನುಮತಿಯನ್ನೂ ಕೇಳುತ್ತವೆ. ಅವಸರದಲ್ಲಿ ಬೇಡವೆಂದು ಒತ್ತಿದವರು ಅಲ್ಲಿಗೇ ನಿಲ್ಲುತ್ತಾರೆ.

ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಾದರೆ, ಹೊರಗಿನ ಸಾಧನಗಳನ್ನು ಸಂಸ್ಥೆಯೇ ನಿರ್ಬಂಧಿಸಿರಬಹುದು. ಅಂಥಲ್ಲಿ ಬೀದಿಯ ರಿಪೇರಿಯವನಿಂದ ಆಗುವುದೇನೂ ಇಲ್ಲ.

ನಿಸ್ತಂತು ಮೌಸಿನ ಪ್ರಸಂಗ ಕುತೂಹಲಕರವಾದುದು. ಯುಎಸ್‌ಬಿ 3.0 ಸಂಪರ್ಕಗಳು ಹೊರಸೂಸುವ ಗದ್ದಲವು 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡಿಯಾಗುತ್ತದೆಂದು ಇಂಟೆಲ್ ಸಂಸ್ಥೆ 2012ರಲ್ಲಿಯೇ ತೋರಿಸಿತ್ತು. ಅನೇಕ ನಿಸ್ತಂತು ಮೌಸುಗಳು ಇದೇ ಅಲೆಯಲ್ಲಿ ಮಾತನಾಡುತ್ತವೆ. ಅದರ ಪುಟ್ಟ ರಿಸೀವರನ್ನು ಡಾಕಿನ ಹಿಂಭಾಗದಲ್ಲಿ, ಹಾರ್ಡ್ ಡಿಸ್ಕಿನ ಪಕ್ಕಕ್ಕೇ ಚುಚ್ಚಿದರೆ ಮೌಸ್ ತೊದಲುತ್ತದೆ. ಸಣ್ಣದೊಂದು ಎಕ್ಸ್‌ಟೆನ್ಷನ್ ತಂತಿಯಿಂದ ಅದನ್ನು ದೂರವಿಟ್ಟರೆ ಕಾಯಿಲೆ ಗುಣವಾಗುತ್ತದೆ.

ಇಷ್ಟೆಲ್ಲ ಪ್ರಯೋಗಗಳ ನಡುವೆ ಒಂದು ವಸ್ತುವಿನ ಬಗೆಗೆ ವಿಶೇಷ ಎಚ್ಚರ ಬೇಕು. ಅದು ಡಾಕಿಗೆ ಜೋಡಿಸಿದ ಹಾರ್ಡ್ ಡಿಸ್ಕ್. ಮದುವೆಯ ಭಾವಚಿತ್ರಗಳು, ತೀರಿಕೊಂಡ ಹಿರಿಯರ ಧ್ವನಿ, ಮನೆಪತ್ರಗಳ ಪ್ರತಿಗಳು ಅದರಲ್ಲಿ ಇರುತ್ತವೆ. ಬರೆಯುತ್ತಿರುವಾಗಲೇ ಸಂಬಂಧ ಕಡಿದರೆ ಕಡತಗಳು ಹಾಳಾಗಬಹುದು. ಡಾಕ್ ಪದೇ ಪದೇ ಬಿಟ್ಟು ಹಿಡಿಯುತ್ತಿದ್ದರೆ ಮೊದಲು ಡಿಸ್ಕನ್ನು ವಿಧಿವತ್ತಾಗಿ ಇಜೆಕ್ಟ್ ಮಾಡಿ ತೆಗೆದಿಟ್ಟು, ಅದರ ಪ್ರತಿಯೊಂದನ್ನು ಬೇರೆಡೆ ಮಾಡಿಕೊಂಡ ಮೇಲೆಯೇ ಉಳಿದ ಪರೀಕ್ಷೆಗಳಿಗೆ ಕೈಹಾಕಬೇಕು. ಡಾಕಿನ ಫರ್ಮ್‌ವೇರನ್ನು ನವೀಕರಿಸುವಾಗಲೂ ಹೀಗೆಯೇ. ಅದು ಮುಗಿಯುವವರೆಗೆ ತಂತಿಯನ್ನು ಅಲುಗಿಸಬಾರದು, ಕರೆಂಟು ಹೋಗಬಹುದಾದ ಹೊತ್ತಿನಲ್ಲಿ ಆ ಕೆಲಸಕ್ಕೆ ತೊಡಗಲೂಬಾರದು.

ಇವೆಲ್ಲವೂ ವಿಫಲವಾದರೆ, ಡಾಕನ್ನು ಅದರದೇ ತಂತಿಯೊಡನೆ, ಅದಕ್ಕೆ ಹೊಂದುವ ಇನ್ನೊಂದು ಲ್ಯಾಪ್‌ಟಾಪಿಗೆ ಜೋಡಿಸಿ ನೋಡಬೇಕು. ಅಲ್ಲಿ ಕೆಲಸ ಮಾಡಿದರೆ ದೋಷ ನಮ್ಮ ಲ್ಯಾಪ್‌ಟಾಪಿನದು. ಅಲ್ಲಿಯೂ ಮೌನವಾಗಿದ್ದರೆ, ತಂತಿಯೊಂದನ್ನು ಬದಲಿಸಿ ನೋಡಿ, ಆಮೇಲೆ ವಾರಂಟಿಯ ಅವಧಿ ಮುಗಿಯುವ ಮುನ್ನ ಖರೀದಿಯ ರಸೀದಿಯನ್ನು ಹುಡುಕಿಕೊಂಡು ಅಂಗಡಿಗೆ ಹೋಗಬೇಕು.