ಮನೆಯೇ ಕಚೇರಿಯಾದಾಗ ಬಾಡಿಗೆಗೆ ಏನಾಯಿತು?

ಬೆಂಗಳೂರಿನ ಮಾರತ್ತಹಳ್ಳಿಯ ಒಂದು ಅಡ್ಡರಸ್ತೆಯನ್ನು ಊಹಿಸಿಕೊಳ್ಳಿ. ಅಲ್ಲೊಂದು ಮೂರಂತಸ್ತಿನ ಮನೆ. ಕೆಳಗೆ ನಿವೃತ್ತ ಮೇಷ್ಟ್ರು, ಮೇಲಿನ ಎರಡು ಮಹಡಿಗಳಲ್ಲಿ ಸಾಫ್ಟ್‌ವೇರ್ ಕಂಪನಿಗಳ ಹುಡುಗರು. ಮನೆ ಕಟ್ಟಲು ಮಾಡಿದ ಸಾಲದ ಕಂತು ಆ ಬಾಡಿಗೆಯಿಂದಲೇ ತೀರಬೇಕು.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದವು. ಮುಂದಿನ ತಿಂಗಳುಗಳಲ್ಲಿ ಹುಡುಗರು ಮನೆ ಖಾಲಿ ಮಾಡಿ ಶಿವಮೊಗ್ಗಕ್ಕೋ ಹಾಸನಕ್ಕೋ ಹೊರಟರು. ಹೊರಡುವಾಗ ಅಡ್ವಾನ್ಸ್ ಹಣ ಕೇಳಿದರು. ಬೆಂಗಳೂರಿನ ಹಳೆಯ ರೂಢಿಯಂತೆ ಅದು ಹತ್ತು ತಿಂಗಳ ಬಾಡಿಗೆಯಷ್ಟು. ಆದರೆ ಆ ಹಣ ಆಗಲೇ ಮೇಲಿನ ಮಹಡಿಯ ಗೋಡೆಯಾಗಿತ್ತು!

ಹೀಗೇಕಾಯಿತು? ನಾವು ಕೊಡುವ ಬಾಡಿಗೆಯಲ್ಲಿ ಎರಡು ವಸ್ತುಗಳ ಬೆಲೆ ಸೇರಿದೆ. ಒಂದು ಸೂರು, ಇನ್ನೊಂದು ದೂರ. ಕಚೇರಿ ಹತ್ತಿರವಿದ್ದಷ್ಟೂ ಬಾಡಿಗೆ ಹೆಚ್ಚು. ಒಂದೇ ಅಂಶವನ್ನು ಬದಲಿಸಿ ಉಳಿದುದನ್ನು ಹಾಗೆಯೇ ಇಟ್ಟು ನೋಡುವುದು ವಿಜ್ಞಾನ ಓದಿದ ನಮ್ಮಂಥವರ ಪದ್ಧತಿ. ಅರ್ಥಶಾಸ್ತ್ರಕ್ಕೆ ಅಂಥ ಅವಕಾಶ ಅಪರೂಪ. ಕೊರೋನಾ ಅದನ್ನು ಹೆಚ್ಚುಕಡಿಮೆ ಒದಗಿಸಿತು. ಮನೆ ಅದೇ, ಕೋಣೆ ಅದೇ, ದೂರದ ಬೆಲೆ ಮಾತ್ರ ಇಳಿದುಹೋಯಿತು.

ಬೆಂಗಳೂರಿನಲ್ಲಿ ಖಾಲಿಯಾದ ಬೇಡಿಕೆ ಶಿವಮೊಗ್ಗದಲ್ಲಿ ಹುಟ್ಟಿರಬೇಕಲ್ಲವೆ ಎಂದು ನೀವು ಕೇಳಬಹುದು. ಇಲ್ಲೇ ಇರುವುದು ಸ್ವಾರಸ್ಯ. ಹುಡುಗ ಅಲ್ಲಿ ಹೊಸ ಮನೆ ಹಿಡಿಯಲಿಲ್ಲ, ಅಪ್ಪನ ಮನೆಯ ತನ್ನ ಹಳೆಯ ಕೋಣೆ ಸೇರಿದ. ಮನೆಗಳ ಬೇಡಿಕೆಯನ್ನು ತಲೆ ಎಣಿಸಿ ಅಳೆಯಲಾಗದು, ಒಲೆ ಎಣಿಸಬೇಕು. ಎರಡು ಒಲೆ ಒಂದಾದರೆ ಒಂದು ಮನೆಯ ಬೇಡಿಕೆ ಮಾಯ.

ಇತ್ತ ಸೂರಿನ ಬೆಲೆ ಏರತೊಡಗಿತು. ಗಂಡನಿಗೊಂದು ಮೇಜು, ಹೆಂಡತಿಗೊಂದು ಮೇಜು, ಮಗುವಿಗೆ ಆನ್‌ಲೈನ್ ತರಗತಿ. ಎರಡು ಕೋಣೆಯ ಮನೆ ಸಾಲದಾಯಿತು. 2020ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇಕಡಾ 4ಕ್ಕೆ ಇಳಿಸಿದ್ದರಿಂದ ಗೃಹಸಾಲವೂ ಅಗ್ಗವಾಗಿತ್ತು. ಸಂಬಳ ನಿಲ್ಲದವರು ದೊಡ್ಡ ಮನೆ ಕೊಳ್ಳಲು ಹೊರಟರು. ಒಂದೇ ನಗರದಲ್ಲಿ ಒಬ್ಬರ ಮನೆ ಖಾಲಿ, ಇನ್ನೊಬ್ಬರ ಗೃಹಪ್ರವೇಶ.

ಅಮೆರಿಕದ ದೊಡ್ಡ ನಗರಗಳನ್ನು ಪರಿಶೀಲಿಸಿದ ನಿಕೋಲಸ್ ಬ್ಲೂಮ್ ಮತ್ತು ಅರ್ಜುನ್ ರಮಣಿ, ನಗರದ ನಡುಭಾಗ ಸೊರಗಿ ಸುತ್ತಲಿನ ಬಡಾವಣೆಗಳು ಬೆಳೆದುದನ್ನು ಕಂಡು ಅದಕ್ಕೆ ಡೋನಟ್ ಪರಿಣಾಮ ಎಂದರು. ನಮ್ಮ ಉದ್ದಿನ ವಡೆಯೆನ್ನಿ. ಬೆಂಗಳೂರಿಗೆ ಈ ವಡೆ ಸರಿಹೊಂದದು. ಸಾಫ್ಟ್‌ವೇರ್ ಕಚೇರಿಗಳು ಹೆಚ್ಚಾಗಿ ಇದ್ದುದೇ ಅಂಚಿನಲ್ಲಿ: ಹೊರ ವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ. ಬಣಗುಟ್ಟಿದ್ದೂ ಆ ಅಂಚಿನ ಪಿಜಿಗಳೇ.

2022ರ ಹೊತ್ತಿಗೆ ಕಂಪನಿಗಳು ಮರಳಿ ಕರೆಯತೊಡಗಿದವು. ಹೋಗುವಾಗ ಒಬ್ಬೊಬ್ಬರಾಗಿ ಹೋದವರು ಬರುವಾಗ ಒಟ್ಟಿಗೇ ಬಂದರು. ಮನೆಗಳೋ ರಾತ್ರೋರಾತ್ರಿ ಏಳುವುದಿಲ್ಲ. ಕಟ್ಟಡ ಕಾರ್ಮಿಕರು ಊರಿಗೆ ನಡೆದುಹೋಗಿ ಎಷ್ಟೋ ಕೆಲಸ ನಿಂತಿತ್ತು. ಬಾಡಿಗೆ ಜಿಗಿಯಿತು. ಪಿಯುಸಿಯಲ್ಲಿ ಅಂಕ ಕಡಿಮೆಯೆಂದು ಮನೆ ನಿರಾಕರಿಸಿದ ಮಾಲೀಕರೊಬ್ಬರ ಸುದ್ದಿ 2023ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ನಿಮಗೆ ನಗು ಬರಬಹುದು, ಮನೆ ಹುಡುಕುತ್ತಿದ್ದವರಿಗೆ ಬರಲಿಲ್ಲ.

ಕೆಲವರಿಗೆ ಈಗ ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿ. ದೂರದ ಬೆಲೆ ಮರಳಿದೆ, ಪೂರ್ತಿ ಅಲ್ಲ. ಐದು ದಿನ ಬಸ್ಸಿನಲ್ಲಿ ನಿಲ್ಲಲಾರದವನು ಎರಡು ದಿನ ನಿಂತಾನು, ಉಳಿದ ದುಡ್ಡಿನಲ್ಲಿ ಇನ್ನೊಂದು ಕೋಣೆ ಹಿಡಿದಾನು. ಮೇಷ್ಟ್ರ ಮಹಡಿಗೆ ಮತ್ತೆ ಬಾಡಿಗೆದಾರರು ಬಂದಾರು, ಆದರೆ ಅವರು ಮೊದಲು ಕೇಳುವ ಪ್ರಶ್ನೆ ಬೇರೆ: ಮೇಜು ಹಾಕಲು ಜಾಗವಿದೆಯೆ?