ಪ್ರತ್ಯಯ ಹೋಲಿದರೆ ನೆಂಟಸ್ತನವೇ?

ತುರ್ಕಿ ಭಾಷೆಯಲ್ಲಿ ‘ಎವ್’ ಎಂದರೆ ಮನೆ. ‘ಎವ್‌ಲೆರ್’ ಎಂದರೆ ಮನೆಗಳು, ‘ಎವ್‌ಲೆರ್‌ದೆ’ ಎಂದರೆ ಮನೆಗಳಲ್ಲಿ. ನಮ್ಮ ಮನೆ-ಗಳ್-ಅಲ್ಲಿ ಎಂಬ ಜೋಡಣೆಯೂ ಹೀಗೆಯೇ ಅಲ್ಲವೆ? ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಜನರ ಬಾಯಿಂದ ಮರೆಯಾದ, ಇಂದಿನ ದಕ್ಷಿಣ ಇರಾಕಿನ ಸುಮೇರಿಯನ್ ಭಾಷೆಯೂ ಪ್ರತ್ಯಯಗಳನ್ನು ಅಂಟಿಸುವಂಥದ್ದೇ. ‘ಲುಗಲ್’ ರಾಜ, ‘ಲುಗಲ್-ರ’ ರಾಜನಿಗೆ.

ಇಷ್ಟು ಕಂಡೊಡನೆ ನೆಂಟಸ್ತನ ಹೂಡುವವರು ಹಿಂದಿನಿಂದಲೂ ಇದ್ದಾರೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್, ಅವುಗಳಿಗೆ ತುರ್ಕಿ ಮೊದಲಾದ ಭಾಷೆಗಳೊಡನೆ ಸಂಬಂಧ ಕಲ್ಪಿಸಿದರು, ಅದು ನಿಲ್ಲಲಿಲ್ಲ. ತುರ್ಕಿ ದೇಶವಂತೂ 1933ರಲ್ಲಿ ಒಂದು ಬ್ಯಾಂಕಿಗೇ ‘ಸುಮೇರ್’ ಹೆಸರಿಟ್ಟಿತು. 1936ರಲ್ಲಿ ಅಲ್ಲಿ ಮೆರೆದ ‘ಸೂರ್ಯಭಾಷಾ ಸಿದ್ಧಾಂತ’ದ ಪ್ರಕಾರ ಲೋಕದ ಭಾಷೆಗಳಿಗೆಲ್ಲ ತುರ್ಕಿಯೇ ಮೂಲ! ಇಂಥ ಹುಮ್ಮಸ್ಸಿಗೆ ನಮ್ಮಲ್ಲೂ ಬರಗಾಲವಿಲ್ಲ.

ಕೊಂಚ ಒಳಹೊಕ್ಕು ನೋಡೋಣ. ‘ಲು’ ಮನುಷ್ಯ, ‘ಗಲ್’ ದೊಡ್ಡ. ಎರಡೂ ಕೂಡಿ ‘ಲುಗಲ್’. ಅಂದರೆ ಸುಮೇರಿಯನ್‌ನಲ್ಲಿ ಗುಣವಾಚಕ ನಾಮಪದದ ಹಿಂದೆ ಬರುತ್ತದೆ. ಕನ್ನಡದಲ್ಲೂ ತುರ್ಕಿಯಲ್ಲೂ ‘ದೊಡ್ಡ’ ಮೊದಲು, ಮನುಷ್ಯ ಆಮೇಲೆ. ಕ್ರಿಯಾಪದದಲ್ಲಿ ಅಂತರ ಇನ್ನೂ ಹೆಚ್ಚು. ‘ಅವನಿಗಾಗಿ ಕಟ್ಟಿದನು’ ಎನ್ನಲು ಸುಮೇರಿಯನ್ನರು ‘ಮು-ನ-ದು’ ಎಂದು ಬರೆದರು. ‘ದು’ ಎಂಬುದು ಧಾತು. ಮಿಕ್ಕದ್ದೆಲ್ಲ ಅದರ ಮುಂದೆ ಕುಳಿತಿದೆ. ನಮ್ಮಲ್ಲಿ ಕಾಲ, ಪುರುಷ ಎಲ್ಲವೂ ಧಾತುವಿನ ನಂತರ. ತುರ್ಕಿಯಲ್ಲೂ ಹಾಗೆಯೇ.

ಚಿಟ್ಟೆಗೂ ರೆಕ್ಕೆಯಿದೆ, ಬಾವಲಿಗೂ ಇದೆ. ಅಷ್ಟಕ್ಕೆ ಅವೆರಡೂ ದಾಯಾದಿಗಳೆಂದು ಜೀವಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಸಿಕ್ಕೀತೆ?

ಹಾಗಾದರೆ ನಿಜವಾದ ಸಂಬಂಧವನ್ನು ಗುರುತಿಸುವುದು ಹೇಗೆ? ದಿನಬಳಕೆಯ ಪದಗಳಲ್ಲಿ ಒಂದೇ ಬಗೆಯ ಧ್ವನಿವ್ಯತ್ಯಾಸ ಸಾಲುಸಾಲಾಗಿ ಸಿಗಬೇಕು. ತಮಿಳಿನ ಪಾಲ್, ಪಲ್, ಪುಲಿ ನಮ್ಮಲ್ಲಿ ಹಾಲು, ಹಲ್ಲು, ಹುಲಿ. ಹಳೆಗನ್ನಡದಲ್ಲಿ ಇವಕ್ಕೆಲ್ಲ ಪಕಾರವೇ ಇತ್ತು. ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಸಿಕ್ಕಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಕ್ರಿ.ಶ. 450ರ ಸುಮಾರಿನದೆಂದು ಎಣಿಕೆ. ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದದ್ದೂ 1936ರಲ್ಲೇ. ಆ ಕಲ್ಲಿನಲ್ಲಿ ಊರಿನ ಹೆಸರು ‘ಪಲ್ಮಡಿ’. ಹೊಳೆನರಸೀಪುರದ ‘ಹೊಳೆ’ ಮಲೆಯಾಳದಲ್ಲಿ ‘ಪುಳ’. ಅರಕಲಗೂಡಿನಿಂದ ಗಡಿ ದಾಟಿದರೆ ಕೊಡವರ ಬಾಯಲ್ಲಿ ‘ಪೊಳೆ’.

ತುರ್ಕಿ-ಸುಮೇರಿಯನ್ ವಾದಿಗಳೂ ಜೋಡಿಪದ ತೋರಿಸುತ್ತಾರೆ. ಸುಮೇರಿಯನ್ನರ ‘ದಿಂಗಿರ್’ ದೇವರು. ಹಳೆಯ ತುರ್ಕಿಯ ‘ತೆಂಗ್ರಿ’ ಆಕಾಶವೂ ಹೌದು, ದೇವರೂ ಹೌದು. ಕೇಳಲು ಸೊಗಸೇ. ಆದರೆ ಇಂಥ ಒಂಟಿ ಜೋಡಿಗಳು ಹುಡುಕಿದರೆ ಯಾವ ಎರಡು ಭಾಷೆಗಳಲ್ಲೂ ಸಿಕ್ಕಾವು. ಪಾಲ್-ಹಾಲು, ಪುಲಿ-ಹುಲಿಗಳಂಥ ಸಾಲು ಮಾತ್ರ ಅಲ್ಲಿ ಈವರೆಗೆ ಸಿಕ್ಕಿಲ್ಲ.