ಅಪ್ಪನ ಕೈಗೆ ಕೈವಾರ, ನಮ್ಮ ಕೈಗೆ ಕೊಡತಿ



ಹಿರಿಯ ನಾಗರಿಕರಿಗಾಗಿ ನಾವು ನಡೆಸಿದ ಫೋನ್-ಇನ್ ಕಾರ್ಯಕ್ರಮದ ಬಳಿಕ ಡೊಂಬಿವಲಿಯ ಕೇಳುಗರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದರು. ಅವರ ತಂದೆಗೆ ನಿವೃತ್ತಿಯ ನಂತರ ಮರಗೆಲಸದ ಹುಚ್ಚು ಹತ್ತಿದೆ. ಈಗ ಕೈ ನಡುಗುತ್ತದೆ, ಕಣ್ಣು ಮಂದವಾಗಿದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇರೆ ಇದೆ. ಗರಗಸ, ಉಳಿ ಎಲ್ಲವನ್ನೂ ಭಂಗಾರ್‌ವಾಲಾನಿಗೆ ಕೊಟ್ಟುಬಿಡೋಣ ಎಂದು ಮನೆಯವರು ಹೇಳುತ್ತಿದ್ದಾರಂತೆ. ಏನು ಮಾಡಲಿ ಎಂದು ಕೇಳಿದ್ದರು.

ಪ್ರಸಾರದ ಎರಡು ನಿಮಿಷದಲ್ಲಿ ಮುಗಿಯುವ ಉತ್ತರವಲ್ಲ ಇದು. ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿದೆ. ನನ್ನ ಅಪ್ಪನಿಗೆ 74. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಆಸ್ಪತ್ರೆಯಿಂದ ಬಂದ ವಾರವೇ ಅಮ್ಮ ಉಪಕರಣದ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಅದರ ಮುಂದೆ ಸೂಟ್‌ಕೇಸ್ ಇಟ್ಟಿದ್ದರು. ಅಮ್ಮನ ಹೆದರಿಕೆ ಸುಳ್ಳಲ್ಲ. ಆದರೆ ಪೆಟ್ಟಿಗೆ ಒಳಗೆ ಹೋದ ಮೇಲೆ ಅಪ್ಪ ಇಡೀ ದಿನ ಟಿವಿಯ ಮುಂದೆ ಕುಳಿತುಬಿಡುತ್ತಿದ್ದರು. ಅದೂ ಆರೋಗ್ಯವಲ್ಲ.

ನಾವು ಕಂಡುಕೊಂಡ ದಾರಿ ಇಷ್ಟೇ: ಕೆಲಸವನ್ನು ನಿಲ್ಲಿಸುವುದು ಬೇಡ, ಹಂಚಿಕೊಳ್ಳೋಣ. ಅದೂ ಅರ್ಧ ನಿನ್ನದು, ಅರ್ಧ ನನ್ನದು ಎಂಬ ಲೆಕ್ಕದಲ್ಲಿ ಅಲ್ಲ. ಬಲ ಬೇಕಾದದ್ದು ನಮಗೆ, ತೀರ್ಮಾನ ಬೇಕಾದದ್ದು ಅವರಿಗೆ. ಇದನ್ನು ತಿರುಗುಮುರುಗು ಮಾಡಿ, "ನೀವು ಸುಮ್ಮನೆ ಕುಳಿತು ನೋಡಿ, ನಾನು ಮಾಡುತ್ತೇನೆ" ಎಂದರೆ ಮೂರನೆಯ ದಿನ ಅವರು ಎದ್ದು ಹೋಗುತ್ತಾರೆ.

ವಯಸ್ಸು ಏನನ್ನು ಒಯ್ಯುತ್ತದೆ, ಏನನ್ನು ಬಿಡುತ್ತದೆ ಎಂದು ಮೊದಲು ನೋಡಿಕೊಳ್ಳಬೇಕು. ಹಿಡಿತದ ಬಲ ಕಡಿಮೆಯಾಗುತ್ತದೆ. ಕಣ್ಣಿನ ಮಸೂರ ಹಳದಿಗಟ್ಟಿ, ಪಾಪೆ ಕಿರಿದಾಗುತ್ತದೆ. ಇಪ್ಪತ್ತರ ಹುಡುಗನ ಕಣ್ಣೊಳಗೆ ಹೋಗುವ ಬೆಳಕಿನ ಮೂರನೆಯ ಒಂದು ಭಾಗದಷ್ಟೇ ಅರವತ್ತು ದಾಟಿದವರ ಕಣ್ಣೊಳಗೆ ಹೋಗುತ್ತದೆ. ಆದ್ದರಿಂದ ಗ್ಯಾಲರಿಯ ಒಂದು ಟ್ಯೂಬ್‌ಲೈಟ್ ಸಾಲದು. ಎಡಗಡೆಯಿಂದ ಬೀಳುವಂತೆ ಒಂದು ಟೇಬಲ್ ಲ್ಯಾಂಪ್ ಇಡಿ (ಎಡಚರಾದರೆ ಬಲಗಡೆಯಿಂದ). ಮಂಡಿ ಮಾತು ಕೇಳುವುದಿಲ್ಲ. ನಮ್ಮ ಊರಿನ ಆಚಾರಿಗಳು ನೆಲದ ಮೇಲೆ ಕುಳಿತು, ಮರವನ್ನು ಪಾದದಲ್ಲಿ ಒತ್ತಿ ಹಿಡಿದು ಕೆಲಸ ಮಾಡುವವರು. ಅದನ್ನು ನೋಡಿ ಬೆಳೆದ ಅಪ್ಪನಿಗೆ ಟೇಬಲ್ಲಿನ ಮೇಲೆ ಮಾಡುವುದು ಮರಗೆಲಸವೇ ಅಲ್ಲ! ಕೊನೆಗೆ ಒಪ್ಪಿದ್ದು ಸೊಂಟದೆತ್ತರದ ಒಂದು ಗಟ್ಟಿ ಮೇಜಿಗೆ, ಎರಡು ಸಿ-ಕ್ಲ್ಯಾಂಪ್‌ಗಳಿಗೆ, ಮತ್ತು ಬೆನ್ನಿಗೆ ಒರಗುಳ್ಳ ಒಂದು ಕುರ್ಚಿಗೆ.

ಆದರೆ ಕೈಗೆ ಒಮ್ಮೆ ರೂಢಿಯಾದ ಕೆಲಸದ ನೆನಪು ಸುಲಭಕ್ಕೆ ಅಳಿಯುವುದಿಲ್ಲ. ನಿನ್ನೆ ಬಂದವರ ಹೆಸರು ಮರೆಯುವವರು ಉಳಿಯನ್ನು ಸಾಣೆಕಲ್ಲಿನ ಮೇಲೆ ಯಾವ ಓರೆಯಲ್ಲಿ ಹಿಡಿಯಬೇಕೆಂದು ಮರೆತಿರುವುದಿಲ್ಲ. ಹಾಗಾಗಿ ಅಳತೆ, ಗುರುತು, ಸಾಣೆ, ಮರದ ಆಯ್ಕೆ, ಕೊನೆಯ ಪರೀಕ್ಷೆ ಅಪ್ಪನದು. ಗರಗಸ, ರಂಧಾ, ಕೊಡತಿಯ ಪೆಟ್ಟು ನಮ್ಮದು. ಸಾಣೆಯ ಬಗ್ಗೆ ಒಂದು ಮಾತು ಹೇಳಬೇಕು. ಹರಿತವಾದ ಉಳಿ ಅಪಾಯ, ಮೊಂಡು ಉಳಿ ಸುರಕ್ಷಿತ ಎಂದು ಮನೆಯ ಹೆಂಗಸರು, ಗಂಡಸರು ಎಲ್ಲರೂ ತಿಳಿದಿರುತ್ತಾರೆ. ಸತ್ಯ ಇದರ ವಿರುದ್ಧ. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕು. ಹೆಚ್ಚು ಬಲ ಹಾಕಿದಾಗಲೇ ಅದು ಜಾರಿ ಎಡಗೈಗೆ ಬರುವುದು.

ಮರ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ದೊಡ್ಡ ಮರದ ಡಿಪೋಗಳು ರೇ ರೋಡ್, ದಾರೂಖಾನಾ ಕಡೆ ಇವೆ. ಜೋಗೇಶ್ವರಿ–ಓಶಿವರಾದ ಪೀಠೋಪಕರಣ ಮಾರುಕಟ್ಟೆಯಲ್ಲಿ ಹಳೆಯ ಸಾಗುವಾನಿ ಸಿಗುತ್ತದೆ. ಮುಂಬಯಿಯ ಹಳೆಯ ಚಾಳುಗಳ, ಬಂಗಲೆಗಳ ತೊಲೆ-ಬಾಗಿಲುಗಳಲ್ಲಿ ಬರ್ಮಾ ಸಾಗುವಾನಿ ಬಹಳ ಬಳಕೆಯಾಗಿತ್ತು. ಕಟ್ಟಡ ಕೆಡವಿದಾಗ ಅದು ಹೊರಬರುತ್ತದೆ. ನೂರು ಮಳೆಗಾಲ ಕಂಡ ಮರ, ಇನ್ನು ಡೊಂಕಾಗುವುದೇನಿದೆ? ಆದರೆ ಅದರೊಳಗೆ ಮುರಿದ ಮೊಳೆ ಅಡಗಿರುತ್ತದೆ. ಗರಗಸ ಹಚ್ಚುವ ಮೊದಲು ಒಂದು ಅಯಸ್ಕಾಂತವನ್ನು ಮರದುದ್ದಕ್ಕೂ ಆಡಿಸಿ ನೋಡಿ. ಇದು ನಮ್ಮ ಮನೆಯಲ್ಲಿ ಅಪ್ಪನ ಕೆಲಸ, ಮೊಮ್ಮಕ್ಕಳು ಸುತ್ತ ನಿಲ್ಲುತ್ತಾರೆ. ಉಪಕರಣಗಳಿಗೆ ನಾಗದೇವಿ ಸ್ಟ್ರೀಟ್. ಅಪ್ಪನನ್ನು ಕರೆದುಕೊಂಡು ಹೋಗುವುದಾದರೆ ಮಧ್ಯಾಹ್ನದ ಖಾಲಿ ಲೋಕಲ್ ಹಿಡಿಯಿರಿ. ಒಂಬತ್ತರ ಫಾಸ್ಟ್ ಬೇಡ.

ಇನ್ನು ಏನು ಮಾಡುವುದು? ಕುರ್ಚಿ, ಕಪಾಟು ಎಂದು ಹೊರಡಬೇಡಿ. ಸಂದು ಕೂಡಿಸುವ ಕೆಲಸಕ್ಕೆ ಕಣ್ಣೂ ಬೇಕು, ಬಲವೂ ಬೇಕು. ನಾವು ಆರಿಸಿಕೊಂಡದ್ದು ಚೆನ್ನೆಮಣೆ. ಮೈಸೂರು ಕಡೆಯವರು ಅಳಗುಳಿಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿಗಳ ಒಂದೇ ಹಲಗೆ. ಮೊಳೆ, ಅಂಟು, ಸಂದು ಯಾವುದೂ ಇಲ್ಲ. ತುಳುನಾಡಿನಲ್ಲಿ ಅದು ಆಟಿ ತಿಂಗಳ ಆಟ. ಹೊರಗೆ ಬಿಡದೆ ಸುರಿಯುವ ಮಳೆ, ಗದ್ದೆಯ ಕೆಲಸ ಮುಗಿದ ಬಿಡುವು. ಮುಂಬಯಿಯ ಜುಲೈಗೂ ಇದು ಚೆನ್ನಾಗಿ ಹೊಂದುತ್ತದೆ.

ಹಲಗೆ 22 ಇಂಚು ಉದ್ದ, 7 ಇಂಚು ಅಗಲ, ಒಂದೂವರೆ ಇಂಚು ದಪ್ಪ ಇರಲಿ. ಊರಲ್ಲಾದರೆ ಹಲಸು, ಇಲ್ಲಿ ಸಾಗುವಾನಿ, ಅಥವಾ ಮರಾಠಿಯವರು ಶಿವಣ್ ಎನ್ನುವ ಶಿವನೆ ಮರ. ಶಿವನೆ ಮೃದು, ಕೆತ್ತನೆಗೆ ಹಿತ. ತಂದ ದಿನವೇ ಕೆಲಸ ಶುರು ಮಾಡಬೇಡಿ. ಮರ ಗಾಳಿಯ ತೇವ ಹೀರಿ ಉಬ್ಬುತ್ತದೆ, ಬಿಟ್ಟು ಕುಗ್ಗುತ್ತದೆ. ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಮಳೆಗಾಲದಲ್ಲಿ ತೆರೆಯದ ನಿಮ್ಮ ಡ್ರಾಯರ್ ಡಿಸೆಂಬರ್‌ನಲ್ಲಿ ತಾನಾಗಿ ಸಡಿಲವಾಗುವುದು ಇದೇ ಕಾರಣಕ್ಕೆ. ಹಲಗೆಯ ಎರಡು ತುದಿಗಳಿಂದ ತೇವ ಬೇಗ ಹೋಗುವುದರಿಂದ ಬಿರುಕು ಅಲ್ಲೇ ಮೊದಲು ಬರುತ್ತದೆ. ತುದಿಗಳಿಗೆ ಫೆವಿಕಾಲ್ ಬಳಿದು, ಒಂದೆರಡು ತಿಂಗಳು ಮನೆಯೊಳಗೆ ನಿಲ್ಲಿಸಿ.

ಗುರುತು ಹಾಕುವುದು ಇಡೀ ಕೆಲಸದ ಮೆದುಳು. ನಾನಾಗಿದ್ದರೆ ಎಡತುದಿಯಿಂದ ಅಳೆಯುತ್ತ ಹೋಗುತ್ತಿದ್ದೆ. ಅಪ್ಪ ಟೇಪನ್ನು ಕೈಯಿಂದ ತೆಗೆದುಕೊಂಡು ಹಲಗೆಯ ನಡುವಿಗೆ ಇಟ್ಟರು. ತುದಿಯಿಂದ ಹೊರಟರೆ ಪ್ರತಿ ಅಳತೆಯ ಸಣ್ಣ ತಪ್ಪೂ ಮುಂದಿನದಕ್ಕೆ ಕೂಡುತ್ತ ಹೋಗಿ ಏಳನೆಯ ಗುಳಿ ಅಂಚಿಗೆ ಬಂದು ನಿಲ್ಲುತ್ತದೆ. ನಡುವಿನಿಂದ ಹೊರಟರೆ ತಪ್ಪು ಎರಡೂ ಕಡೆಗೆ ಹಂಚಿಹೋಗುತ್ತದೆ. ನಾಲ್ಕನೆಯ ಗುಳಿ ಸರಿಯಾಗಿ ಮಧ್ಯದಲ್ಲಿ. ಅಲ್ಲಿಂದ ಎರಡು ಮುಕ್ಕಾಲು ಇಂಚಿಗೊಂದರಂತೆ ಆಚೆ ಮೂರು, ಈಚೆ ಮೂರು. ಉದ್ದಕ್ಕೆ ಎಳೆದ ನಡುಗೆರೆಯಿಂದ ಪ್ರತಿ ಸಾಲಿನ ಕೇಂದ್ರಗಳು ಒಂದು ಇಂಚು ಮೂರು ಸೂತ್ ದೂರ. ಕೈವಾರದಲ್ಲಿ ಎಳೆದ ವೃತ್ತದ ಅಗಲ ಎರಡೂಕಾಲು ಇಂಚು. ನಡುಗುವ ಕೈಗೆ ಕೈವಾರ ಒಳ್ಳೆಯ ಗೆಳೆಯ, ಮುಳ್ಳು ಊರಿದರೆ ಕೈ ನಡುಗಿದರೂ ವೃತ್ತ ನಡುಗುವುದಿಲ್ಲ.

ಗುಳಿ ಮುಕ್ಕಾಲು ಇಂಚು ಆಳ ಸಾಕು. ಡ್ರಿಲ್ಲಿನ ಮೊನೆಗೆ ಅಷ್ಟು ಎತ್ತರದಲ್ಲಿ ಒಂದು ಬಣ್ಣದ ಟೇಪ್ ಸುತ್ತಿ, ಪ್ರತಿ ಕೇಂದ್ರದಲ್ಲೂ ಮುಕ್ಕಾಲು ಇಂಚಿಗೆ ಒಂದು ಕೂದಲೆಳೆ ಕಡಿಮೆ ತೂತು ಕೊರೆಯಿರಿ. ತೋಡುತ್ತ ತೋಡುತ್ತ ಆ ತೂತು ಮಾಯವಾದಾಗ ಆಳ ಬಂತೆಂದು ಲೆಕ್ಕ. ತೋಡಲು ಬಾಯಿ ಅರ್ಧಚಂದ್ರದಂತಿರುವ ಉಳಿ ಬೇಕು. ಅಂಗಡಿಯಲ್ಲಿ ಗೌಜ್ ಎಂದು ಕೇಳಿ. ಯಾವಾಗಲೂ ಅಂಚಿನಿಂದ ತಳಕ್ಕೆ ಇಳಿಯಿರಿ. ತಳ ಮುಟ್ಟಿದ ಮೇಲೆ ಅದೇ ಜೋರಿನಲ್ಲಿ ಆಚೆ ದಡಕ್ಕೆ ಏರಿದರೆ ಉಳಿಯ ಬಾಯಿ ನಾರಿನ ಅಡಿಗೆ ಸೇರಿ ಮರ ಸೀಳುತ್ತದೆ. ಆಚೆ ದಡದಿಂದ ಮತ್ತೆ ಇಳಿಯಬೇಕು. ಕೊನೆಗೆ ಒಂದು ರಬ್ಬರ್ ಚೆಂಡಿಗೆ ಪಾಲಿಶ್ ಪೇಪರ್ ಸುತ್ತಿ ತಿರುವಿದರೆ ಗುಳಿ ನಯವಾಗುತ್ತದೆ.

ಮೊದಲ ಗುಳಿಯನ್ನು ಅಪ್ಪನೇ ತೋಡಿದರು. ಒಂದೂವರೆ ಗಂಟೆ ಹಿಡಿಯಿತು. ಎರಡನೆಯದನ್ನು ಅರ್ಧ ತೋಡಿ ಉಳಿಯನ್ನು ಮೇಜಿನ ಮೇಲಿಟ್ಟರು, ಹಿಡಿ ನನ್ನ ಕಡೆಗೆ. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಂದ ಮುಂದಿನದೆಲ್ಲ ನಾನು ತೋಡಿದೆ. ಅಪ್ಪ ಪ್ರತಿ ಗುಳಿಯೊಳಗೆ ಹೆಬ್ಬೆರಳು ಆಡಿಸಿ "ಐದನೆಯದು ಇನ್ನೊಂದು ಸಲ" ಎನ್ನುತ್ತಿದ್ದರು. ಕನ್ನಡಕದಲ್ಲೂ ಕಾಣದ ಏರುತಗ್ಗು ಬೆರಳಿಗೆ ತಿಳಿಯುತ್ತಿತ್ತು. (ಸಕ್ಕರೆ ಕಾಯಿಲೆಯಿಂದ ಬೆರಳು ಮರಗಟ್ಟಿರುವವರಿಗೆ ಇದು ಸಾಧ್ಯವಿಲ್ಲ. ಅವರ ಕೈಗೆ ಹರಿತದ ಯಾವ ಉಪಕರಣವನ್ನೂ ಕೊಡಬೇಡಿ.)

ಮಾತ್ರೆಯ ವಿಷಯ. ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತರಹದ್ದನ್ನು ತೆಗೆದುಕೊಳ್ಳುವವರಿಗೆ ಸಣ್ಣ ಗಾಯವೂ ಬಹಳ ಹೊತ್ತು ಒಸರುತ್ತದೆ. ಮರಗೆಲಸಕ್ಕಾಗಿ ಮಾತ್ರೆ ತಪ್ಪಿಸುವುದು ಖಂಡಿತ ಕೂಡದು. ಸ್ಟೆಂಟ್ ಇರುವವರಿಗೆ ಅದು ಪ್ರಾಣಾಪಾಯ. ಹವ್ಯಾಸದ ಬಗ್ಗೆ ವೈದ್ಯರಿಗೆ ಮೊದಲೇ ಹೇಳಿ. ಮೇಜಿನ ಪಕ್ಕ ಶುದ್ಧ ಬಟ್ಟೆ ಇರಲಿ. ಗಾಯವಾದರೆ ಹತ್ತು-ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ, ನಿಲ್ಲದಿದ್ದರೆ ಆಸ್ಪತ್ರೆಗೆ. ಉಳಿ ಹಿಡಿದಾಗ ಎರಡೂ ಕೈ ಬಾಯಿಯ ಹಿಂದೆ ಇರಬೇಕು. ಮರವನ್ನು ಹಿಡಿಯುವುದು ಕ್ಲ್ಯಾಂಪಿನ ಕೆಲಸ, ಕೈಯದ್ದಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಪೆಟ್ಟಿಗೆ ತೆರೆಯುವಂತಿಲ್ಲ. ಈ ಒಂದು ನಿಯಮಕ್ಕೆ ಅಪ್ಪ ಒಪ್ಪಿದ ದಿನ ಅಮ್ಮ ಸೂಟ್‌ಕೇಸನ್ನು ಪಕ್ಕಕ್ಕೆ ಸರಿಸಿದರು.

ಧೂಳನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ವರ್ಷಗಟ್ಟಲೆ ಧೂಳಿನಲ್ಲೇ ದುಡಿಯುವವರಿಗೆ ಅಪಾಯ ಹೆಚ್ಚು, ನಿಜ. ಆದರೂ ಉಜ್ಜುವಾಗ ಇಬ್ಬರೂ ಎನ್-95 ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗಂಟಲೇ ಅನ್ನ ಕೊಡುವ ನನ್ನಂಥವರಿಗಂತೂ ಇದು ಕಡ್ಡಾಯ.

ಸದ್ದು? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಮಿತಿ. ಸೊಸೈಟಿಯ ಮಿತಿ ಇನ್ನೂ ಕಡಿಮೆ. ಅದು ಕೆಳಗಿನ ಮನೆಯವರ ಮಧ್ಯಾಹ್ನದ ನಿದ್ದೆ. ಮೇಜಿನ ಕಾಲಿಗೆ ಹಳೆಯ ರಬ್ಬರ್ ಚಪ್ಪಲಿಯ ತುಂಡು ಕೊಟ್ಟು, ಕಬ್ಬಿಣದ ಸುತ್ತಿಗೆಯ ಬದಲು ಮರದ ಕೊಡತಿ ಬಳಸಿದರೆ ಅರ್ಧ ಜಗಳ ತಪ್ಪುತ್ತದೆ.

ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ 'ಮೆನ್ಸ್ ಶೆಡ್' ಎಂಬ ಕೂಟಗಳು ಬೆಳೆದಿವೆ. ನಿವೃತ್ತ ಗಂಡಸರು ಸೇರಿ ಮರಗೆಲಸ, ರಿಪೇರಿ ಮಾಡುವ ಜಾಗಗಳವು. ಗಂಡಸರು ಎದುರುಬದುರು ಕುಳಿತರೆ ಬಾಯಿ ಬಿಡುವುದಿಲ್ಲ, ಪಕ್ಕ ಪಕ್ಕ ನಿಂತು ಕೆಲಸ ಮಾಡುವಾಗ ಮಾತಾಡುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ನನಗಿದು ನಂಬಲು ಕಷ್ಟವಾಗಲಿಲ್ಲ. 1960ರ ದಶಕದ ಕೊನೆಗೆ ಊರುಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಕಥೆಯನ್ನು ಅಪ್ಪ ಎಂದೂ ಹೇಳಿದವರಲ್ಲ. ಒಂಬತ್ತನೆಯ ಗುಳಿಯ ಹೊತ್ತಿಗೆ ಹೇಳಿದರು, ನನ್ನ ಮುಖ ನೋಡದೆ. ಅಕ್ಕ-ತಂಗಿಯರು ಒಟ್ಟಿಗೆ ಚೆನ್ನೆ ಆಡಬಾರದೆಂಬ ಮಾತೂ ಆಗಲೇ ಬಂತು. ಸಿರಿಯ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಟದಲ್ಲಿ ಜಗಳವಾಡಿ, ಒಬ್ಬಳು ಇನ್ನೊಬ್ಬಳಿಗೆ ಅದೇ ಮಣೆಯಲ್ಲಿ ಹೊಡೆಯುತ್ತಾಳಲ್ಲ, ಅದಕ್ಕೆ.

ಮಣೆಗೆ ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಅದು ಒಣಗುವುದಿಲ್ಲ, ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ, ಆಮೇಲೆ ಬಿಸಾಡಿ.

ಆಟಕ್ಕೆ ಗುಳಿಗೆ ನಾಲ್ಕರಂತೆ 56 ಕಾಯಿ ಬೇಕು. ಊರಿನ ಮಂಜೊಟ್ಟಿ ಸಿಗದಿದ್ದರೆ ಹುಣಸೆಬೀಜ ತೊಳೆದು ಒಣಗಿಸಿ. ಗುಲಗಂಜಿ ಮಾತ್ರ ಬೇಡ. ಅದು ವಿಷ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ.

ಎರಡನೆಯ ಮಣೆಗೆ ಶಿವನೆಯ ಹಲಗೆ ಬಂದಿದೆ. ತುದಿಗೆ ಫೆವಿಕಾಲ್ ಬಳಿದು ಗೋಡೆಗೆ ಒರಗಿಸಿದ್ದೇವೆ. ಅದರ ಬೆನ್ನಿಗೆ ಅಪ್ಪ ಪೆನ್ಸಿಲಿನಲ್ಲಿ ತಂದ ತಾರೀಖು ಬರೆದು, ಕೆಳಗೆ "ದೀಪಾವಳಿಗೆ ಮೊದಲು ಮುಟ್ಟಬಾರದು" ಎಂದು ಸೇರಿಸಿದ್ದಾರೆ.